ಅಂಟಕ್ಕ ಗೋಡೆಗೆ ಬರೆದ ಸಾಲು

ಒದ್ದೆ ಗೋಡೆಗೆ ಕಾಗದ ಅಂಟಿಸಬಾರದು. ಇದೇನು ದೊಡ್ಡ ವಿದ್ಯೆಯಲ್ಲ, ನಿಮಗೂ ಗೊತ್ತಿರಬೇಕಾದ ಮಾತು. ಆದರೂ ಮನೆಗೆ ಬಣ್ಣದ ಕಾಗದ ಹಾಕಿಸಲು ಹೊರಟವರು ಹೂವೋ ಬಳ್ಳಿಯೋ ಎಂದು ಮನೆಮಂದಿಯೊಡನೆ ಮೂರು ದಿನ ಜಗಳವಾಡುತ್ತಾರೆ. ಗೋಡೆ ಹೇಗಿದೆ ಎಂದು ಮೂರು ನಿಮಿಷ ನೋಡುವುದಿಲ್ಲ. ಯಾವ ಅಂಟು ಹಾಕುತ್ತೀರಿ ಎಂದು ಕೇಳುವವರು ನೂರಕ್ಕೊಬ್ಬರು. ಆ ಒಬ್ಬರೂ "ಗಟ್ಟಿ ಇರೋದು ಹಾಕಿಬಿಡಿ" ಎಂದು ಕೈತೊಳೆದುಕೊಳ್ಳುತ್ತಾರೆ. ಗಟ್ಟಿ ಅಂಟು ಎಂಥ ಕೇಡು ಮಾಡಬಲ್ಲದು ಎಂಬುದು ಅಂಟಕ್ಕನಿಗೇ ಅರ್ಥವಾಗಲು ಇಪ್ಪತ್ತಾರು ವರ್ಷ ಹಿಡಿಯಿತು.

ಅಂಟಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಮೊಣಕೈವರೆಗೂ ಒಣಗಿದ ಅಂಟಿನ ಬಿಳಿ ಪೊರೆ, ಉಗುರಿನ ಸಂದಿಯಲ್ಲಿ ಅಂಟು, ಹುಬ್ಬಿನ ಮೇಲೂ ಒಂದು ಚುಕ್ಕೆ. ಒಮ್ಮೆ ಬಸ್ಸಿನಲ್ಲಿ ಟಿಕೆಟ್ಟು ಅವಳ ಬೆರಳಿಗೆ ಕಚ್ಚಿಕೊಂಡು, ಇಳಿಯುವಾಗ ಚೆಕಿಂಗಿನವರು ಎಷ್ಟು ಎಳೆದರೂ ಬರಲಿಲ್ಲವಂತೆ. ಇದು ಅವಳ ನಾದಿನಿ ಹೇಳುವ ಕತೆ, ಆದ್ದರಿಂದ ಅರ್ಧ ತಳ್ಳಿಹಾಕಬಹುದು.

ಕೆಲಸ ಕಲಿಸಿದ್ದು ಮಾವ. ಆ ಕಾಲಕ್ಕೆ ಗೋಡೆಗೆ ಕಾಗದ ಹಾಕುವುದರಲ್ಲಿ ಅವರದು ಎತ್ತಿದ ಕೈ. ಆದರೆ ಹೆತ್ತ ಮಗ ಏಣಿಯ ಎರಡನೇ ಮೆಟ್ಟಿಲಿಗೇ ತಲೆ ತಿರುಗಿ ಕೂರುತ್ತಿದ್ದ. ಅವನು ಗಡಿಯಾರ ರಿಪೇರಿ ಕಲಿತು, ನೆಲಕ್ಕೆ ಹತ್ತಿರದ ಒಂದು ಸ್ಟೂಲಿನ ಮೇಲೆ ಇವತ್ತಿಗೂ ನೆಮ್ಮದಿಯಾಗಿದ್ದಾನೆ. ಸೊಸೆ ಮಾತ್ರ ಮನೆಗೆ ಬಂದ ತಿಂಗಳಲ್ಲೇ ಅಟ್ಟದ ಜೇಡರ ಬಲೆ ತೆಗೆಯಲು ಸರಸರನೆ ಏಣಿ ಹತ್ತಿದ್ದನ್ನು ಮಾವ ಕಂಡರು.

"ಹೆದರಿಕೆ ಆಗಲ್ವೇನಮ್ಮಾ?"

"ಯಾವುದಕ್ಕೆ ಮಾವ, ಜೇಡಕ್ಕಾ, ಏಣಿಗಾ?"

ಮಾವ ನಕ್ಕು, ಮರುದಿನದಿಂದ ಅವಳನ್ನು ಜೊತೆಗೆ ಕರೆದುಕೊಂಡು ಹೊರಟರು.

ಮೊದಲ ವರ್ಷ ಪೂರ್ತಿ ಅವಳು ಗೋಡೆ ಮುಟ್ಟಲಿಲ್ಲ, ಬರೀ ಅಂಟು ಕಾಸಿದಳು. ಮೈದಾ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕದಡಿ, ಕುದಿನೀರು ಸುರಿದು, ಕೈಬಿಡದೆ ತಿರುವಿ, ಹುಳ ಬರದಿರಲೆಂದು ಚಿಟಿಕೆ ಮೈಲುತುತ್ತ ಬೆರೆಸಿ, ತೆಳುಬಟ್ಟೆಯಲ್ಲಿ ಸೋಸಬೇಕು. ಒಂದು ಗಂಟು ಉಳಿದರೂ ಕಾಗದದಡಿ ಅದು ಮೊಡವೆಯ ಹಾಗೆ ಎದ್ದು ಕಾಣುತ್ತದೆ. ಆಮೇಲೆ ಪೊಟ್ಟಣದ ಪುಡಿ ಬಂತು, ನೀರಿಗೆ ಹಾಕಿ ಕಲಕಿದರೆ ಕಾಲು ಗಂಟೆಯಲ್ಲಿ ಅಂಟು. ಅದರ ಬೆನ್ನಿಗೆ ಮುಚ್ಚಳ ತೆಗೆದರೆ ಸಾಕು ಎನ್ನುವ ಡಬ್ಬಿಯ ಅಂಟು. ಮಾವ ಎಲ್ಲವನ್ನೂ ಬೆರಳಲ್ಲಿ ತಿಕ್ಕಿ, ಮೂಸಿ, ಒಂದೊಂದಕ್ಕೆ ಒಂದೊಂದು ಜಾಗ ತೋರಿಸಿದರು. ತೆಳು ಕಾಗದಕ್ಕೆ ನೀರುನೀರಾದ ಅಂಟೇ ಸರಿ, ಗಟ್ಟಿಯದು ಹಚ್ಚಿದರೆ ಕಲೆ ಮೂಡುತ್ತದೆ. ಪ್ಲಾಸ್ಟಿಕ್ಕಿನ ಮೈಯ, ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದ ಭಾರದ ಕಾಗದ ಡಬ್ಬಿಯ ಅಂಟಿಗೆ ಮಾತ್ರ ಮಣಿಯುತ್ತದೆ. ಈಚೆಗೆ ಬಂದ ನಾರಿನ ಬೆನ್ನಿನ ಕಾಗದಕ್ಕೆ ಅಂಟನ್ನು ಕಾಗದಕ್ಕಲ್ಲ, ಗೋಡೆಗೇ ಬಳಿಯಬೇಕು.

ಹಚ್ಚುವುದಕ್ಕೂ ಒಂದು ಪದ್ಧತಿ. ಹೊಸ ಗಾರೆಯಾದರೆ ಮೊದಲು ತೆಳು ಅಂಟಿನ ಒಂದು ಕೈ ಬಳಿದು ಒಣಗಿಸಬೇಕು. ಇಲ್ಲದಿದ್ದರೆ ಗೋಡೆಯೇ ಅಂಟನ್ನೆಲ್ಲ ಕುಡಿದು ಕಾಗದಕ್ಕೆ ಉಳಿಸುವುದಿಲ್ಲ. ಅಂಟು ಬಳಿದ ಕಾಗದವನ್ನು ಅಂಟಿನ ಮೈಗೆ ಅಂಟಿನ ಮೈ ತಾಗುವಂತೆ ಮಡಚಿ ಹತ್ತು ನಿಮಿಷ ಬಿಡಬೇಕು. ಅದು ಹಿಗ್ಗುವುದಿದ್ದರೆ ಮೇಜಿನ ಮೇಲೆಯೇ ಹಿಗ್ಗಲಿ; ಗೋಡೆಗೆ ಹತ್ತಿದ ಮೇಲೆ ಹಿಗ್ಗಿದರೆ ಗುಳ್ಳೆ ಗ್ಯಾರಂಟಿ. ಕಾಯುವ ಆ ಹತ್ತು ನಿಮಿಷ ನಾದಿನಿಯ ಪಾಲಿಗೆ ಬಂಗಾರ. ಮಾವನ ತರುವಾಯ ಅಂಟಕ್ಕನ ಜೊತೆಗೆ ಕತ್ತರಿ ಹಿಡಿದವಳು ಅವಳೇ. ಕೈಯಷ್ಟೇ ಚುರುಕು ಬಾಯಿ.

"ಅತ್ತಿಗೆ, ನಮ್ಮಣ್ಣನ್ನೂ ಮದುವೆಗೆ ಮುಂಚೆ ಹೀಗೆ ಹತ್ತು ನಿಮಿಷ ನೆನೆಹಾಕಿದ್ದಿದ್ರೆ ಇಷ್ಟು ಬಿಗಿಯಾಗಿ ಇರ್ತಿರಲಿಲ್ಲ."

"ನಿನ್ನ ಬಾಯಿಗೆ ಅಂಟು ಹಾಕಿದ್ರೆ ಯಾವ ಡಬ್ಬೀದು ಹಾಕಬೇಕು ಅಂತ ಯೋಚಿಸ್ತಾ ಇದ್ದೀನಿ. ಕತ್ತರಿ ಕೊಡೇ."

ಮಾವನಿಗೆ ಇನ್ನೆರಡು ಅಭ್ಯಾಸಗಳಿದ್ದವು. ಒಂದು, ಗೋಡೆಗೆ ಕೆನ್ನೆ ಇಡುವುದು. "ಕೆಲಸ ಮಾಡಿ ಮಾಡಿ ಕೈ ಚರ್ಮ ಹಲಗೆ ಆಗಿದೆ, ಅದಕ್ಕೇನು ತಿಳಿಯುತ್ತೆ? ಕೆನ್ನೆ ಇಟ್ಟು ನೋಡು, ಒಳಗೆ ನೀರಿದ್ರೆ ತಣ್ಣಗೆ ಹೊಡೆಯುತ್ತೆ." ಅನುಮಾನ ಬಂದರೆ ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಿಂದ ಗೋಡೆಗೆ ಮೆತ್ತಿ ಒಂದು ದಿನ ಬಿಡುತ್ತಿದ್ದರು. ಮರುದಿನ ಹಾಳೆಯ ಒಳಮೈ ಬೆವತಿದ್ದರೆ ಆ ಗೋಡೆಗೆ ಕೆಲಸವಿಲ್ಲ. ಇನ್ನೊಂದು, ಮೊದಲ ಪಟ್ಟಿ ಹಚ್ಚುವ ಮುನ್ನ ಗೋಡೆಯ ಎಡಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸಾಲು ಬರೆಯುವುದು: ತಾರೀಕು, ಯಾವ ಅಂಟು, ಗೋಡೆಯ ಸ್ಥಿತಿ. "ಮುಂದೆ ಇದನ್ನ ಕೀಳೋನು ನಮ್ಮ ಕಸುಬಿನವನೇ. ಅವನಿಗೆ ಒಂದು ಮಾತು ಬಿಟ್ಟು ಹೋಗಬೇಕು" ಎನ್ನುತ್ತಿದ್ದರು. ಅಂಟಕ್ಕ ಎರಡನ್ನೂ ತಪ್ಪದೆ ಪಾಲಿಸಿಕೊಂಡು ಬಂದಳು. ಎಡವಿದ್ದು ಅಲ್ಲೇ.

ಅವಳಿಗೆ ವರ್ಷವಿಡೀ ಕೆಲಸ ಕೊಡುವ ಯಜಮಾನರೊಬ್ಬರಿದ್ದರು. ಒಂದೇ ಸಾಲಿನಲ್ಲಿ ನಾಲ್ಕು ಬಾಡಿಗೆ ಮನೆ, ಆದ್ದರಿಂದ ಎಲ್ಲರ ಬಾಯಲ್ಲೂ ನಾಲ್ಮನೆ ಯಜಮಾನರು. ಇವರನ್ನು ರಾಕ್ಷಸನಂತೆ ಬರೆದುಬಿಟ್ಟರೆ ಓದುವ ನಮಗೆಲ್ಲ ಆರಾಮ. ಆದರೆ ಅವರು ರಾಕ್ಷಸರಲ್ಲ. ಮೃದು ಮಾತಿನವರು, ಬಿಸಿಲಲ್ಲಿ ಬಂದವರಿಗೆ ಮೊದಲು ನೀರು ಕೊಡುವವರು, ಏಣಿಯ ಇನ್ನೊಂದು ತುದಿಗೆ ತಾವೇ ಕೈ ಹಾಕುವವರು. ನಿಮ್ಮ ಹಾಗೆ, ನೆರೆಮನೆಯವರ ಹಾಗೆ.

ನಾಲ್ಕು ವರ್ಷದ ಹಿಂದೆ ಎರಡನೇ ಮನೆಯ ಮಲಗುವ ಕೋಣೆಗೆ ಅವರು ಅಂಟಕ್ಕನನ್ನು ಕರೆಸಿದರು. ಗೋಡೆಯ ಆ ಬದಿಗೆ ಬಚ್ಚಲು. ಅಂಟಕ್ಕ ಕೆನ್ನೆ ಇಟ್ಟಳು. ತಣ್ಣಗೆ ಹೊಡೆಯಿತು.

"ಯಜಮಾನ್ರೇ, ಒಳಗೆ ನೀರಿದೆ."

"ಪೈಪಿನ ಕೆಲಸ ಆಗಿದೆಯಮ್ಮಾ, ಈಗ ಒಣಗ್ತಾ ಇದೆ ಅಷ್ಟೆ. ಸೋಮವಾರ ಬಾಡಿಗೆಯವರು ಬರ್ತಾರೆ. ಸುಣ್ಣ ಉದುರಿದ ಗೋಡೆ ನೋಡಿದ್ರೆ ಬೇಜಾರು ಮಾಡ್ಕೋತಾರೆ. ನಿಮ್ಮ ಕೈಗುಣ ಇನ್ಯಾರಿಗಿದೆ ಹೇಳಿ? ನೀವು ಮುಟ್ಟಿದ್ರೆ ಗೋಡೆ ಮದುವಣಗಿತ್ತಿ ಆಗುತ್ತೆ."

ಅವರು ಅತ್ತ ಹೋದ ಮೇಲೆ ನಾದಿನಿ ಪಿಸುಗುಟ್ಟಿದಳು: "ಈ ಮಾತಿಗೆ ಅಂಟೇ ಬೇಡ ಅತ್ತಿಗೆ, ತಾನಾಗೇ ಅಂಟ್ಕೊಳ್ಳುತ್ತೆ."

ಅಂಟಿಕೊಂಡಿತು. ಹೊಗಳಿಕೆಗೆ ಮಣಿದಳೋ, ನಾಲ್ಕು ಮನೆಯ ಕೆಲಸ ಕೈತಪ್ಪುತ್ತದೆಂದು ಅಳುಕಿದಳೋ, ಅವಳಿಗೇ ಇವತ್ತಿಗೂ ಬಗೆಹರಿದಿಲ್ಲ. ಬಹುಶಃ ಎರಡೂ. ಮೂರನೆಯದೂ ಒಂದಿತ್ತು, ಕಸುಬಿನ ಸೊಕ್ಕು: ಇಂಥ ಗೋಡೆಗೂ ಕಾಗದ ನಿಲ್ಲಿಸಿ ತೋರಿಸುತ್ತೇನೆ ಎಂಬ ಹಟ. ಅಂಗಡಿಯಲ್ಲಿದ್ದ ಅತ್ಯಂತ ಗಟ್ಟಿ ಡಬ್ಬಿಯ ಅಂಟು ತಂದಳು. ಅದಕ್ಕೆ ತಕ್ಕ ಪ್ಲಾಸ್ಟಿಕ್ ಮೈಯ ಕಾಗದ, ತಿಳಿ ಹಸಿರು ಎಲೆಗಳದ್ದು. ದಾರಕ್ಕೆ ಗುಂಡು ಕಟ್ಟಿ ನೇರ ನೋಡಿ, ನಡುವಿನಿಂದ ಅಂಚಿಗೆ ಬ್ರಷ್ಷು ಎಳೆದು, ಎಲೆಗೆ ಎಲೆ ಕೂಡಿಸಿ, ಸಂದು ಕಾಣದಂತೆ ಪುಟ್ಟ ಉರುಳೆ ಉರುಳಿಸಿದಳು. ಅವಳ ಜೀವಮಾನದ ಅತ್ಯುತ್ತಮ ಕೆಲಸ ಅದು. ಮೊದಲ ಪಟ್ಟಿಯ ಮುನ್ನ ಎಡಮೂಲೆಯಲ್ಲಿ ಪೆನ್ಸಿಲಿನ ಸಾಲನ್ನೂ ಬರೆದಳು. ಬರೆದಾಗ ಮನಸ್ಸು ಹಗುರಾಯಿತು. ಅದರ ಮೇಲೆ ಕಾಗದ ಹಚ್ಚಿದಳು.

ಕಳಪೆ ಅಂಟು ಹಾಕಿದ್ದರೆ ಆರು ತಿಂಗಳಿಗೆ ಕಾಗದ ಸುರುಳಿ ಸುತ್ತಿ ಕೆಳಗೆ ಬೀಳುತ್ತಿತ್ತು, ಗೋಡೆಯ ಬಣ್ಣ ಬಯಲಾಗುತ್ತಿತ್ತು. ಒಳ್ಳೆಯ ಕೆಲಸವಾದ್ದರಿಂದ ಮೂರು ವರ್ಷ ಯಾರಿಗೂ ಏನೂ ಕಾಣಲಿಲ್ಲ.

ಹೋದ ವರ್ಷದ ಕೊನೆಯಲ್ಲಿ ಯಜಮಾನರಿಂದ ಫೋನು ಬಂತು. "ಎರಡನೇ ಮನೇಲಿ ಒಂದು ಗುಳ್ಳೆ ಎದ್ದಿದೆಯಂತೆ ಕಣಮ್ಮಾ. ಸಿರಿಂಜಿನಲ್ಲಿ ಒಂದು ಚೂರು ಅಂಟು ಬಿಟ್ಟು ಒತ್ತಿಬಿಡಿ, ಹತ್ತು ನಿಮಿಷದ ಕೆಲಸ."

ಬಾಗಿಲು ತೆರೆದವಳು ಮೂವತ್ತರ ಆಸುಪಾಸಿನ ಹೆಂಗಸು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೂಗುವವಳು. ಊರಿನವರಿಗೆಲ್ಲ ಅವಳ ದನಿ ಪರಿಚಯ, ಮುಖ ಮಾತ್ರ ಗೊತ್ತಿಲ್ಲ. ಆದರೆ "ಬನ್ನಿ ಅಕ್ಕಾ" ಎಂದ ಆ ದನಿ ಹರಿದ ಬಟ್ಟೆಯ ಹಾಗಿತ್ತು. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು.

"ಗಂಟಲು ಕೈಕೊಟ್ಟಿದೆಯಲ್ಲಮ್ಮಾ," ಎಂದಳು ನಾದಿನಿ.

"ಎರಡು ವರ್ಷ ಆಯ್ತು. ಡಾಕ್ಟ್ರು ಮೂರು ಸಲ ಔಷಧ ಬದಲಾಯಿಸಿದ್ರು. ಬಸ್ಸಿನ ಹೊಗೆ ಅಂತಾರೆ. ಸಾಹೇಬ್ರು ಈ ತಿಂಗಳ ಕೊನೆವರೆಗೂ ನೋಡ್ತಾರಂತೆ. ಅಷ್ಟರಲ್ಲಿ ಸರಿಹೋಗದಿದ್ರೆ ಮೈಕಿನ ಮುಂದೆ ಬೇರೆಯವರನ್ನ ಕೂರಿಸ್ತಾರೆ." ಅವಳು ನಗಲು ನೋಡಿದಳು. "ನನಗೆ ಬರೋ ಕೆಲಸ ಅದೊಂದೇ ಅಕ್ಕಾ. ಮನೇಲಿ ಎಲ್ಲರೂ ನನ್ನ ಬಾಯಿ ಮುಚ್ಚಿಸೋಕೆ ನೋಡ್ತಿದ್ರು, ಅವರೊಬ್ಬರೇ ಅದಕ್ಕೆ ಸಂಬಳ ಕೊಟ್ಟೋರು."

ಮಲಗುವ ಕೋಣೆಯಲ್ಲಿ ಮಂಚದ ತಲೆಭಾಗ ಆ ಗೋಡೆಗೇ ಒತ್ತಿಕೊಂಡಿತ್ತು. ದಿಂಬಿನಿಂದ ಒಂದು ಗೇಣು ಮೇಲೆ, ಎಲೆಗಳ ನಡುವೆ, ಹಪ್ಪಳದಷ್ಟಗಲದ ಗುಳ್ಳೆ.

"ಈ ಮನೇಲಿ ನನಗೆ ಹಿಡಿಸಿದ್ದೇ ಈ ಗೋಡೆ," ಎಂದಳು ಮೈಕಿನವಳು. "ವಾರಕ್ಕೊಂದು ಸಲ ಒದ್ದೆ ಬಟ್ಟೆಯಲ್ಲಿ ಒರೆಸ್ತೀನಿ. ಇವತ್ತಿಗೂ ಒಂದು ಸಂದು ಬಿಟ್ಟಿಲ್ಲ ನೋಡಿ. ಯಾರು ಮಾಡಿದಾರೋ, ಕೈಗೆ ಚಿನ್ನದ ಬಳೆ ತೊಡಿಸಬೇಕು."

ನಾದಿನಿ ಸಿರಿಂಜಿಗೆ ಅಂಟು ಎಳೆದುಕೊಳ್ಳುತ್ತಿದ್ದವಳು ಕೆಳಗೆ ನೋಡಿದಳು. ಅಂಟಕ್ಕ ಮಂಚ ಬಳಸಿ ಹೋಗಿ, ಗುಳ್ಳೆಯ ಪಕ್ಕ ಕೆನ್ನೆ ಇಟ್ಟಳು. ಪ್ಲಾಸ್ಟಿಕ್ಕಿನ ಮೈ ದಾಟಿಯೂ ತಣ್ಣಗೆ. ಮೂಗಿಗೆ ಒಂದು ಹಳಸು ವಾಸನೆ, ಬಹಳ ದಿನ ಮುಚ್ಚಿಟ್ಟ ಪೆಟ್ಟಿಗೆ ತೆರೆದ ಹಾಗೆ.

ಹತ್ತು ನಿಮಿಷದ ಕೆಲಸ. ಸೂಜಿ ಚುಚ್ಚಿ, ಅಂಟು ಬಿಟ್ಟು, ಉರುಳೆ ಎಳೆದರೆ ಮುಗಿಯಿತು. ಮೈಕಿನವಳು ಸಂತೋಷವಾಗಿ ಬೀಳ್ಕೊಡುತ್ತಿದ್ದಳು. ಯಜಮಾನರೂ ಸಂತೋಷ. ತಿಂಗಳ ಕೊನೆಗೆ ಬಸ್ ನಿಲ್ದಾಣದಲ್ಲಿ ಬೇರೊಂದು ದನಿ ಕೇಳಿಸುತ್ತಿತ್ತು, ಅಷ್ಟೆ.

"ಸಿರಿಂಜು ಒಳಗಿಡು," ಎಂದಳು ಅಂಟಕ್ಕ. "ಬ್ಲೇಡು ಕೊಡು."

"ಅತ್ತಿಗೆ..."

"ಕೊಡೇ. ಅಮ್ಮಾ, ಈ ಮಂಚ ಒಂಚೂರು ಎಳೀಬೇಕು. ಗೋಡೆ ಬಿಚ್ಚಿ ನೋಡಬೇಕು."

ಅಷ್ಟು ಚಂದದ ಕಾಗದ ಹರಿಯುತ್ತಾರೆಂದು ಮೈಕಿನವಳಿಗೆ ಗಾಬರಿ. ಆದರೂ ಮಂಚ ಎಳೆಯಲು ಕೈ ಕೊಟ್ಟಳು. ಅಂಟಕ್ಕ ಸಂದಿನುದ್ದಕ್ಕೂ ಬ್ಲೇಡು ಇಳಿಸಿ ಎಳೆದರೆ ಅಂಚು ಕದಲದು. ತನ್ನ ಅಂಟಿನ ಮೇಲೆ ತನಗೇ ಸಿಟ್ಟು ಬಂತು. ಉಗುರು ತೂರಿಸಿ, ಚಪ್ಪಟೆ ಚೂರಿಯಿಂದ ಎಬ್ಬಿಸಿ, ಎರಡೂ ಕೈಯಲ್ಲಿ ಜಗ್ಗಿದಳು. ಬಟ್ಟೆ ಹರಿದಂತೆ ಸದ್ದು ಮಾಡಿ ಎಡತುದಿಯ ಪಟ್ಟಿ ಪೂರ್ತಿ ಬಂತು.

ಹಿಂದಿನ ಗೋಡೆ ಕಪ್ಪಗಿತ್ತು. ಬೂಷ್ಟು, ತುಪ್ಪಳದಂತೆ, ಮಂಚದೆತ್ತರದಿಂದ ಎದೆಯೆತ್ತರದವರೆಗೆ. ಕಾಗದದ ಬೆನ್ನಿಗೂ ಅದೇ. ವಾಸನೆಗೆ ಮೂವರೂ ಹಿಂದೆ ಸರಿದರು. ನಾದಿನಿ ಹೋಗಿ ಕಿಟಕಿ ತೆರೆದಳು.

ಕೆಳಗೆ, ಎಡಮೂಲೆಯಲ್ಲಿ, ಕಪ್ಪು ಮುಟ್ಟದ ಒಂದು ಜಾಗದಲ್ಲಿ ಪೆನ್ಸಿಲಿನ ಬರಹ. ಮೈಕಿನವಳು ಬಗ್ಗಿದಳು. ಅಭ್ಯಾಸಬಲ, ಕಣ್ಣಿಗೆ ಬಿದ್ದದ್ದನ್ನು ಗಟ್ಟಿಯಾಗಿಯೇ ಓದಿದಳು. ಮೊದಲು ತಾರೀಕು. ಆಮೇಲೆ, ಕೆಮ್ಮಿನ ನಡುವೆ: "ಡಬ್ಬಿ ಅಂಟು. ಕೆನ್ನೆಗೆ ತಣ್ಣಗೆ. ಗೋಡೆ ಒಣಗಿಲ್ಲ."

"ಯಾರು ಬರೆದಿದ್ದು ಇದು?"

"ನಾನೇ ಅಮ್ಮಾ. ಕಾಗದ ಹಚ್ಚಿದ್ದೂ ನಾನೇ."

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಇದನ್ನ ಯಾರಿಗೆ ಅಂತ ಬರೆದ್ರಿ?"

"ಮುಂದೆ ಕಾಗದ ಕೀಳೋರಿಗೆ."

ಮೈಕಿನವಳು ಮಂಚದ ಅಂಚಿನಲ್ಲಿ ಕೂತಳು. ದನಿ ಏರಲಿಲ್ಲ; ಏರಿಸಲು ದನಿಯೇ ಇರಲಿಲ್ಲ. "ನಾನು ಭಾನುವಾರ ಸಂಜೆ ಬೀಗದ ಕೈ ತಗೊಳ್ಳೋಕೆ ಬಂದಿದ್ದೆ. ಯಾರೋ ಇಬ್ಬರು ಏಣಿ ಇಳಿಸ್ತಿದ್ರು. ಎಷ್ಟು ಚೆನ್ನಾಗಿದೆ ಗೋಡೆ, ಅಂದೆ. ಅವರಲ್ಲೊಬ್ಬರು ನನ್ನ ನೋಡಿ ನಕ್ಕರು. ಅದು ನೀವಾ?"

"ನಾನೇ," ಎಂದಳು ಅಂಟಕ್ಕ. "ನಕ್ಕೆ."

ಒಂದು ಮಾತು. ಏಣಿ ಗೋಡೆಗೊರಗಿಸಿ, "ಅಮ್ಮಾ, ಈ ಗೋಡೆ ಒದ್ದೆ ಇದೆ, ಮಂಚ ಆ ಕಡೆ ಹಾಕಿಕೊಳ್ಳಿ" ಎಂದಿದ್ದರೆ ಸಾಕಿತ್ತು. ಆ ಮಾತನ್ನು ಅವಳು ಆಡಿದ್ದಳು ಕೂಡ, ಪೆನ್ಸಿಲಿನಲ್ಲಿ, ಸ್ವಂತ ಅಕ್ಷರದಲ್ಲಿ, ತಾರೀಕು ಸಮೇತ. ಕೇಳಬೇಕಾದವಳ ಕಿವಿ ಬಿಟ್ಟು ಗಾರೆಗೆ ಹೇಳಿ, ಮೇಲೆ ಎಲೆ ಬಳ್ಳಿ ಹಚ್ಚಿದ್ದಳು.

ಅವಳನ್ನು ಬೈಯುವುದು ಸುಲಭ. ಬೈಯುವ ಮೊದಲು ನಮ್ಮ ನಮ್ಮ ಪೆನ್ಸಿಲಿನ ಸಾಲುಗಳನ್ನು ನೆನೆಸಿಕೊಳ್ಳೋಣ. ಯಾರೂ ತೆರೆಯದ ಕಡತದಲ್ಲಿ ಬರೆದ ಷರಾ, ಕರಾರುಪತ್ರದ ಹದಿನೇಳನೇ ಕಲಮಿನ ಇರುವೆಯಕ್ಷರ, "ಆಗಲೇ ನನಗೆ ಅನ್ನಿಸಿತ್ತು" ಎಂದು ಹೆಂಡತಿಯ ಹತ್ತಿರ ಮಾತ್ರ ಆಡಿದ್ದು. ನಿಜ ಹೇಳಿದ ಪುಣ್ಯ ನಮಗೆ, ಕೆಮ್ಮು ಇನ್ನೊಬ್ಬರಿಗೆ.

ಅಂಟಕ್ಕ ಯಜಮಾನರಿಗೆ ಫೋನು ಮಾಡಿದಳು. ಎರಡು ಬೀದಿಯಾಚೆಯವರು, ಚಪ್ಪಲಿ ಎಳೆಯುತ್ತಾ ಬಂದರು. ಗೋಡೆ ನೋಡಿ ನಿಜಕ್ಕೂ ಮುಖ ಚಿಕ್ಕದಾಯಿತು. ಆದರೆ ಬಾಯಿ ತಿಪ್ಪೆ ಸಾರಿಸತೊಡಗಿತು.

"ಕಿತ್ತುಹಾಕಿ ಅಂತ ಯಾರು ಹೇಳಿದ್ರಮ್ಮಾ ನಿಮಗೆ? ಗುಳ್ಳೆಗೆ ಕರೆದ್ರೆ ಗೋಡೇನೇ ಬಿಚ್ಚೋದಾ? ಇರಲಿ, ಇದನ್ನೆಲ್ಲ ಒರೆಸಿ ಹೊಸ ಕಾಗದ ಹಾಕಿಬಿಡಿ. ಬೇಕಾದ್ರೆ ಇನ್ನೂ ಗಟ್ಟಿ ಅಂಟು..."

"ಇದಕ್ಕಿಂತ ಗಟ್ಟಿ ಅಂಟಿಲ್ಲ ಯಜಮಾನ್ರೇ. ಪೈಪು ಸೋರ್ತಾ ಇದೆ. ಬಚ್ಚಲ ಕಡೆಯಿಂದ ಒಡೆದು ಸರಿಮಾಡಿಸಿ. ಗೋಡೆ ಒಣಗಬೇಕು, ತಿಂಗಳೋ ಎರಡು ತಿಂಗಳೋ. ಅಲ್ಲೀವರೆಗೂ ನಾನಂತೂ ಮುಟ್ಟಲ್ಲ."

"ನೀವು ಬಿಟ್ರೆ ಬೇರೆಯವರಿಲ್ವಾ?"

"ಇದ್ದಾರೆ, ಕರೀರಿ. ಅವರಿಗೂ ಇದನ್ನೇ ಹೇಳ್ತೀನಿ. ಈಗ ಇಲ್ಲಿಂದ ಉಳಿದ ಮೂರು ಮನೆಗೂ ಹೋಗ್ತೀನಿ. ಅಲ್ಲೂ ಕಾಗದ ಹಾಕಿದ್ದು ನಾನೇ ಅಲ್ವಾ?"

ಯಜಮಾನರು ನಾದಿನಿಯ ಕಡೆ ತಿರುಗಿದರು. "ನೀನಾದ್ರೂ ಹೇಳಮ್ಮಾ ನಿಮ್ಮತ್ತಿಗೆಗೆ."

"ನನ್ನ ಮಾತು ಎಂದು ಕೇಳಿದಾರೆ ಯಜಮಾನ್ರೇ," ಎಂದಳು ನಾದಿನಿ, ಡಬ್ಬಿಯ ಮುಚ್ಚಳ ಬಿಗಿಯುತ್ತಾ. "ಕೇಳಿದ್ದಿದ್ರೆ ಅವತ್ತೇ ಹಚ್ತಿರಲಿಲ್ಲ."

ಅದೇ ಮಧ್ಯಾಹ್ನ ಇಬ್ಬರೂ ಉಳಿದ ಮೂರು ಬಾಗಿಲು ಬಡಿದರು. ಮೊದಲ ಮನೆಯ ಮುದುಕ ಕಾಗದದ ಒಂದು ಮೂಲೆ ಬಿಡಿಸಿ ಪ್ಲಾಸ್ಟಿಕ್ ಹಾಳೆ ಅಂಟಿಸಲು ಒಪ್ಪಿದ. ಮೂರನೇ ಮನೆಯಾಕೆ "ಇಷ್ಟು ದಿನ ಬಿಟ್ಟು ಈಗ್ಯಾಕ್ರೀ ಬಂದಿರಿ, ಕೆಲಸ ಇಲ್ವಾ?" ಎಂದು ಬಾಗಿಲಲ್ಲೇ ನಿಲ್ಲಿಸಿ ಬೈದು, ಬೈದ ಮೇಲೆ ಒಳಗೆ ಬಿಟ್ಟಳು. ನಾಲ್ಕನೆಯವರು ಬಾಗಿಲು ತೆರೆಯಲೇ ಇಲ್ಲ. ಮರುದಿನ ತಾವಾಗಿ ಹುಡುಕಿಕೊಂಡು ಬಂದರು. ಮೂರರಲ್ಲಿ ಒಂದು ಹಾಳೆ ಬೆವತಿತ್ತು. ಆ ಮನೆಯವರೂ ಮೈಕಿನವಳೂ ಒಟ್ಟಾಗಿ ಹೋಗಿ ಕೇಳಿದ ಮೇಲೆ ಯಜಮಾನರು ಪೈಪಿನವರನ್ನು ಕರೆಸಿದರು. ಬಚ್ಚಲ ಗೋಡೆ ಒಡೆದರೆ ಪೈಪಿನ ಕೀಲೊಂದು ಹನಿಹನಿಯಾಗಿ ಸೋರುತ್ತಿತ್ತು. ಅರ್ಧ ದಿನದ ಕೆಲಸ. ಅಂಟಕ್ಕನಿಗೆ ಆ ಮನೆಗಳಿಂದ ಮತ್ತೆ ಕರೆ ಬಂದಿಲ್ಲ.

ಮೈಕಿನವಳು ಅಂದೇ ಮಂಚವನ್ನು ಹೊರಗಿನ ಕೋಣೆಗೆ ಹಾಕಿಸಿಕೊಂಡಳು. ಐದು ವಾರಕ್ಕೆ ಕೆಮ್ಮು ತಗ್ಗಿತು. ಆದರೆ ಸಾಹೇಬರು ಕೊಟ್ಟ ಗಡುವು ಮೂರು ವಾರಕ್ಕೇ ಮುಗಿದಿತ್ತು. ಮೈಕಿನ ಮುಂದೆ ಹೊಸಬಳು ಕೂತಿದ್ದಳು. ಇವಳನ್ನು ಪಾರ್ಸಲ್ ಕೋಣೆಗೆ ಹಾಕಿದರು. ಹೊಸಬಳು ರಜೆ ಹಾಕಿದ ದಿನ ಮಾತ್ರ ಇವಳನ್ನು ಕರೆಯುತ್ತಾರೆ.

ಗೋಡೆ ಒಣಗಿದ ಮೇಲೆ ಅಂಟಕ್ಕ ತಾನಾಗಿ ಹೋಗಿ ಬೂಷ್ಟು ಕೆರೆದು, ಔಷಧ ಬಳಿದು, ಗಾರೆ ಸರಿಮಾಡಿದಳು. ಯಾವ ಕಾಗದ ಬೇಕು ಎಂದು ಕೇಳಿದಾಗ ಮೈಕಿನವಳು, "ಬೇಡ ಅಕ್ಕಾ, ಬರೀ ಸುಣ್ಣ ಹೊಡೀರಿ. ಗೋಡೆ ಕಾಣಿಸ್ತಾ ಇರಲಿ," ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ಅಂಟಕ್ಕನೂ ಕೇಳಲಿಲ್ಲ.

ಈಗ ಅಂಟಕ್ಕ ಪೆನ್ಸಿಲಿನ ಸಾಲು ಬರೆಯುವುದನ್ನು ಬಿಟ್ಟಿಲ್ಲ. ಆದರೆ ಬರೆಯುವ ಮುನ್ನ ಆ ಕೋಣೆಯಲ್ಲಿ ಯಾರು ಮಲಗುತ್ತಾರೆಂದು ಕೇಳುತ್ತಾಳೆ. ಅವರು ಮನೆಯಲ್ಲಿಲ್ಲದಿದ್ದರೆ ಬರುವವರೆಗೂ ಹೊಸ್ತಿಲ ಮೇಲೆ ಕೂತು ಕಾಯುತ್ತಾಳೆ. ಕೆಲವರು ಇದನ್ನು ಹುಚ್ಚು ಎನ್ನುತ್ತಾರೆ, ಬೇರೆಯವರನ್ನು ಕರೆಯುತ್ತಾರೆ. ಕೆಲಸ ಮೊದಲಿನಷ್ಟಿಲ್ಲ.

ನೀವು ಮನೆ ಬಾಡಿಗೆಗೆ ಕೊಡುವವರಾದರೆ, ಗೋಡೆ ಮುಚ್ಚುವ ಕೆಲಸಕ್ಕೆ ಆಳು ಹುಡುಕುವ ಮೊದಲು ಆ ಗೋಡೆಗೆ ಏನಾಗಿದೆ ಎಂದು ನೋಡಿ, ಸರಿಮಾಡಿಸಿ. ಈಗಾಗಲೇ ಮುಚ್ಚಿಸಿದ್ದರೆ, ಅದರ ಪಕ್ಕ ಇವತ್ತು ರಾತ್ರಿ ಯಾರು ಮಲಗುತ್ತಾರೋ ಅವರ ಬಾಗಿಲಿಗೆ ಹೋಗಿ. ಫೋನು ಬೇಡ, ಚೀಟಿ ಬೇಡ. ಎದುರಿಗೆ ನಿಂತು, ಬಾಯಿ ಬಿಟ್ಟು ಹೇಳಿ. ಇವತ್ತೇ ಹೇಳಿ.